ಹಲ್ಲು ಕಳಚಿಟ್ಟು ಅಡುಗೆಗೆ ನಿಲ್ಲುವ ಬೊಚ್ಚಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಅಡುಗೆಮನೆಯಲ್ಲಿ ಹಬೆಯ ಪೆಟ್ಟಿಗೆ ಆಗಲೇ ಬುಸುಗುಡುತ್ತಿದೆ. ಏಪ್ರನ್ ಕಟ್ಟಿಕೊಂಡ, ಐವತ್ತು ದಾಟಿದ ಗಂಡಸೊಬ್ಬರು ಮೂಲೆಯ ನಲ್ಲಿಯ ಹತ್ತಿರ ಹೋಗಿ, ಬಾಯಿಗೆ ಎರಡು ಬೆರಳು ಹಾಕಿ ಮೇಲಿನ ಹಲ್ಲಿನ ಸೆಟ್ ಕಳಚುತ್ತಾರೆ. ಆಮೇಲೆ ಕೆಳಗಿನದು. ಎರಡನ್ನೂ ಮುಚ್ಚಳವಿರುವ ಸ್ಟೀಲ್ ಡಬ್ಬಿಯ ನೀರಿನಲ್ಲಿ ಮುಳುಗಿಸಿ, ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಳ್ಳುತ್ತಾರೆ. ಕೆನ್ನೆ ಒಳಗೆ ಸರಿದು, ನೋಡನೋಡುತ್ತಿದ್ದಂತೆ ಅಜ್ಜನಾಗಿಬಿಟ್ಟಿದ್ದಾರೆ.

"ಡ್ಯೂಟಿ ಶುರು ಸಾರ್," ಎನ್ನುತ್ತಾರೆ, ಇವರ ಬಗ್ಗೆ ಬರೆಯಲು ಬಂದಿರುವ ನನಗೆ. ಮಾತಿನಲ್ಲಿ ಅಷ್ಟಿಷ್ಟು ಗಾಳಿ ಬೆರೆತಿದೆ. ಹಬೆಯಿಂದ ಕ್ಯಾರೆಟ್ಟಿನ ತುಂಡೊಂದನ್ನು ಚಮಚದಲ್ಲೆತ್ತಿ, ಊದಿ ಆರಿಸಿ, ನಾಲಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತುತ್ತಾರೆ. ಕಣ್ಣು ಮುಚ್ಚಿದೆ. ತಲೆ ಅಡ್ಡಡ್ಡ ಆಡುತ್ತದೆ. "ನಡುವೆ ಇನ್ನೂ ಒಂದು ಎಳೆ ಗಟ್ಟಿ ಇದೆ. ನಿಮಗೆ ಗೊತ್ತಾಗಲ್ಲ, ನಿಮಗೆ ಹಲ್ಲಿದೆ." ಉಳಿದ ಕ್ಯಾರೆಟ್ ಮತ್ತೆ ಹಬೆಗೆ ಹೋಗುತ್ತದೆ. ಆ ಚಮಚ ತೊಳೆಯುವ ತೊಟ್ಟಿಗೆ ಬೀಳುತ್ತದೆ. ಮುಂದಿನ ತುತ್ತಿಗೆ ಬೇರೆ ಚಮಚ.

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಬೊಚ್ಚಣ್ಣ ಎಂದೇ. ಎದುರಿಗೇ ಕರೆಯುತ್ತಾರೆ, ಇವರೂ 'ಓ' ಎನ್ನುತ್ತಾರೆ. ಪಾರ್ಶ್ವವಾಯು ಬಡಿದವರು, ಗಂಟಲಿನ ಶಸ್ತ್ರಚಿಕಿತ್ಸೆ ಆದವರು, ವಯಸ್ಸಾಗಿ ನುಂಗುವ ಶಕ್ತಿ ಕುಂದಿದವರು, ಹೀಗೆ ಮಾಮೂಲಿ ಊಟ ಮಾಡಲಾಗದ ಸುಮಾರು ಎಂಬತ್ತು ಜನರಿಗೆ ದಿನಕ್ಕೆ ಮೂರು ಹೊತ್ತು ಅಡುಗೆ ಮಾಡುವುದು ಇವರ ಕೆಲಸ. ಜೊತೆಗೆ ಇಬ್ಬರು ಹೆಂಗಸರಿದ್ದಾರೆ. ಹದ ನೋಡಿ ತಟ್ಟೆ ಹೊರಗೆ ಬಿಡುವುದು ಮಾತ್ರ ಬೊಚ್ಚಣ್ಣನವರೇ.

ಇವತ್ತು ಆ ಎಂಬತ್ತರಲ್ಲಿ ಒಂದು ತಟ್ಟೆ ಬೇರೆ ಇದೆ. ಮೂರನೇ ಮಹಡಿಯ ಮೂಲೆಯ ಮಂಚದಲ್ಲಿ ಇರುವವರು ಇವರ ಒಡಹುಟ್ಟಿದ ಅಕ್ಕ. ಪಾರ್ಶ್ವವಾಯುವಾಗಿ ವಾರಗಳೇ ಕಳೆದಿವೆ, ಊಟ ಮೂಗಿನ ನಳಿಕೆಯಲ್ಲಿ ಹೋಗುತ್ತಿದೆ. ಆ ನಳಿಕೆಯನ್ನು ಹೀಗೇ ಎಷ್ಟು ದಿನ ಅಂತ ಇಡುವುದು? ಇವತ್ತಿನ ಮಧ್ಯಾಹ್ನದೊಳಗೆ ಅಕ್ಕ ಬಾಯಿಂದ ಒಂದಷ್ಟು ತಿನ್ನದಿದ್ದರೆ ನಾಳೆ ಹೊಟ್ಟೆಗೆ ತೂತು ಮಾಡಿ ಅಲ್ಲೇ ನಳಿಕೆ ಕೂರಿಸುವುದು ಎಂದು ವೈದ್ಯರು ಹೇಳಿದ್ದಾರೆ. ಆದರೆ ಅಕ್ಕ ತಮ್ಮನ ತಟ್ಟೆ ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ, ಆ ಕಾರಣವನ್ನು ಬೊಚ್ಚಣ್ಣ ಮುಚ್ಚಿಡುವುದಿಲ್ಲ.

ಅದಕ್ಕೂ ಮೊದಲು ಈ ಅಡುಗೆಯ ಮರ್ಮ ತಿಳಿಯಬೇಕು. ತೀರಾ ಸುಲಭದ ಕೆಲಸಕ್ಕೆ ನೀರು ಕುಡಿದಷ್ಟು ಸುಲಭ ಎನ್ನುವುದು ನಮ್ಮ ರೂಢಿ. ಈ ವಾರ್ಡಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ನೀರು ಕುಡಿಯುವುದೇ. ಗಂಟಲಿನಲ್ಲಿ ಎರಡು ದಾರಿ, ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ನುಂಗುವ ಗಳಿಗೆಯಲ್ಲಿ ಎರಡನೆಯದರ ಬಾಗಿಲು ಮುಚ್ಚಬೇಕು. ಪಾರ್ಶ್ವವಾಯು ಆದವರಲ್ಲಿ ಆ ಬಾಗಿಲು ತಡವಾಗಿ ಮುಚ್ಚುತ್ತದೆ, ನೀರು ಅದಕ್ಕೆ ಕಾಯುವುದಿಲ್ಲ. ಆದ್ದರಿಂದ ನೀರಿಗೂ ಚಹಾಕ್ಕೂ ಒಂದು ಪುಡಿ ಬೆರೆಸಿ ಜೇನಿನಂತೆ ನಿಧಾನವಾಗಿ ಇಳಿಯುವ ಹಾಗೆ ಮಾಡುತ್ತಾರೆ. ಆ ಚಹಾವನ್ನು ನಾನೂ ಒಂದು ಚಮಚ ಕುಡಿದೆ. ರುಚಿ ಚಹಾದ್ದೇ, ಆದರೆ ನನ್ನ ಬಾಯಿಗೆ ಅದನ್ನು ಚಹಾ ಎಂದು ಒಪ್ಪಿಸಲು ಆಗಲಿಲ್ಲ.

ರುಚಿ ಎಂದು ನಾವು ಹೊಗಳುವುದರಲ್ಲಿ ಅರ್ಧ ಪಾಲು ಹದದ್ದು. ಗರಿಗರಿ, ಮೆತ್ತಗೆ, ಜಿಗುಟು, ಲೋಳೆ, ನಾರು, ಕುರುಕಲು ಎಂದು ಬಾಯಿ ತುಂಬ ಹೆಸರಿಟ್ಟುಕೊಂಡಿದ್ದೇವೆ. ಇಲ್ಲಿ ಅವು ಬರೀ ಹೆಸರಲ್ಲ, ಒಂದೊಂದೂ ಒಂದೊಂದು ಅಪಾಯ. ಮೆತ್ತಗಿದ್ದದ್ದೆಲ್ಲ ಸುರಕ್ಷಿತ ಎಂದು ನಾನು ತಿಳಿದಿದ್ದೆ. ಬೊಚ್ಚಣ್ಣ ನಕ್ಕುಬಿಟ್ಟರು.

"ಬ್ರೆಡ್ ಮೆತ್ತಗಿಲ್ವಾ ಸಾರ್? ಬಾಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ, ಅಂಟಿನ ಉಂಡೆ. ಅದು ಗಂಟಲಲ್ಲಿ ಕೂತರೆ ಏಳಲ್ಲ. ಆಲೂಗಡ್ಡೆನೂ ಹಾಗೇ, ಸಾಧು ಥರ ಕಾಣುತ್ತೆ. ಮಿಕ್ಸಿಗೆ ಹಾಕಿ ಒಂದು ಸುತ್ತು ಜಾಸ್ತಿ ತಿರುಗಿಸಿದ್ರೆ ಪೋಸ್ಟರ್ ಅಂಟಿಸಬಹುದು. ಅದಕ್ಕೇ ನಾನು ಜರಡಿ ಮೇಲಿಟ್ಟು ಕೈಯಲ್ಲೇ ಒತ್ತೋದು. ಬಟಾಣಿ ಸಿಪ್ಪೆ ಇದೆಯಲ್ಲ, ಅದಂತೂ ಕಿಲಾಡಿ. ಒಳಗಿನದೆಲ್ಲ ಕರಗಿ ಹೋದ್ಮೇಲೂ ಅಂಗುಳಕ್ಕೆ ಅಂಟಿಕೊಂಡು ಕೂತಿರುತ್ತೆ."

ಮೊದಲು ಇವರ ಬದುಕು ಇದಕ್ಕೆ ತದ್ವಿರುದ್ಧವಾಗಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕರಿಯಲ್ಲಿ ರಸ್ಕ್ ಸುಟ್ಟವರು. ರಸ್ಕ್ ಮುರಿಯುವ ಸದ್ದು ಕೇಳಿಯೇ ಒಲೆಯ ಕಾವು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಿದ್ದರು. ಒಳ್ಳೆಯ ರಸ್ಕ್ 'ಕಟಕ್' ಎನ್ನಬೇಕು, 'ಕಿರಿಕ್' ಎಂದರೆ ಒಳಗೆ ತೇವ ಉಳಿದಿದೆ ಎಂದರ್ಥವಂತೆ. ನಲವತ್ತೈದರ ಹೊತ್ತಿಗೆ ವಸಡಿನ ರೋಗ ಹಿಡಿದು ಹಲ್ಲುಗಳು ಒಂದೊಂದಾಗಿ ಕೈಕೊಟ್ಟವು. ತಾನು ಸುಟ್ಟ ರಸ್ಕನ್ನು ತಾನೇ ಚಹಾದಲ್ಲಿ ಅದ್ದಿ ತಿನ್ನುವ ಗತಿ ಬಂತು. ಅದೇ ಸುಮಾರಿಗೆ ಬೇಕರಿಯೂ ಬಾಗಿಲು ಹಾಕಿತು. "ಹಲ್ಲು, ಕೆಲಸ ಎರಡೂ ಒಟ್ಟಿಗೆ ಹೋದವು. ಹಲ್ಲು ಹೋಗಿದ್ದಕ್ಕೆ ಜಾಸ್ತಿ ಅತ್ತಿದ್ದು ನನ್ನ ಹೆಂಡ್ತಿ," ಎನ್ನುತ್ತಾರೆ.

ಆಸ್ಪತ್ರೆಯ ಅಡುಗೆಮನೆಗೆ ಸೇರಿದ ಹೊಸತರಲ್ಲಿ ಮೆತ್ತನೆಯ ಊಟವೆಂದರೆ ಇದ್ದದ್ದೆಲ್ಲವನ್ನೂ ಮಿಕ್ಸಿಗೆ ಸುರಿಯುವುದು ಎಂದೇ ಇವರೂ ನಂಬಿದ್ದರು. ಅನ್ನ, ಮೀನು, ತರಕಾರಿ ಎಲ್ಲ ಸೇರಿ ಕೆಸರಿನ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ದಿನ ಹೊಸ ಹಲ್ಲಿನ ಸೆಟ್ ವಸಡಿಗೆ ಒತ್ತಿ ಒತ್ತಿ, ತಡೆಯಲಾಗದೆ ಕೆಲಸದ ನಡುವೆಯೇ ಕಳಚಿಟ್ಟು, ರೋಗಿಗಳಿಗೆಂದು ಮಾಡಿದ ಊಟವನ್ನೇ ತಿನ್ನಲು ಕೂತರು. ಅರ್ಧಕ್ಕೇ ಸಾಕಾಯಿತು. ಅಲ್ಲಲ್ಲಿ ನಾರು, ಅಲ್ಲಲ್ಲಿ ಸಿಪ್ಪೆ, ಏನು ತಿನ್ನುತ್ತಿದ್ದೇನೆ ಎಂಬುದೇ ಗೊತ್ತಾಗದ ಸಪ್ಪೆ. ಮರುದಿನದಿಂದ ಎಲ್ಲವನ್ನೂ ಬೇರೆ ಬೇರೆ ಬೇಯಿಸತೊಡಗಿದರು. ಕ್ಯಾರೆಟ್ ಕ್ಯಾರೆಟ್ಟಿನ ಹಾಗೆ ಕಾಣಬೇಕು, ನಾಲಗೆ ಒತ್ತಿದರೆ ಮಾತ್ರ ಕುಸಿಯಬೇಕು. ಹಲ್ಲಿನ ಡಬ್ಬಿ ಕಿಟಕಿಯಲ್ಲಿ ಕಾಯಂ ಆಯಿತು.

ನುಂಗುವುದನ್ನು ಮತ್ತೆ ಕಲಿಸುವ ಥೆರಪಿಸ್ಟ್ ಒಬ್ಬರು ಇಲ್ಲಿದ್ದಾರೆ. ರೋಗಿಗಳ ಬಾಯಲ್ಲಿ ಅವರು 'ನುಂಗಿಸೋ ಮೇಡಂ'. ಪ್ರತಿ ತಿನಿಸನ್ನೂ ಫೋರ್ಕಿನಿಂದ ಒತ್ತಿ, ಚಮಚದಿಂದ ಜಾರಿಸಿ, ಸಿರಿಂಜಿನಲ್ಲಿ ಇಳಿಸಿ ಪರೀಕ್ಷೆ ಮಾಡುವವರು ಅವರು. "ನಮ್ಮ ಲೆಕ್ಕಕ್ಕೆ ಫೋರ್ಕೇ ಅಂತಿಮ," ಎನ್ನುತ್ತಾರೆ. "ಆದ್ರೆ ಅಣ್ಣನ ಬಾಯಿ ದಾಟಿ ಬಂದಿದ್ದು ಫೋರ್ಕಲ್ಲಿ ಫೇಲಾಗೋದು ಅಪರೂಪ. ಅವರು ಹಲ್ಲು ತೆಗೆಯೋದನ್ನ ಮೊದಲ ಸಲ ನೋಡಿದಾಗ ನಾನು ಕಿರುಚಿಬಿಟ್ಟಿದ್ದೆ, ಅದನ್ನ ಮಾತ್ರ ಬರೀಬೇಡಿ."

ಇಷ್ಟೆಲ್ಲ ಎಚ್ಚರದ ಮನುಷ್ಯನ ಕೈಯಿಂದಲೇ ಎಡವಟ್ಟಾಯಿತು. ಅದೂ ಸ್ವಂತ ಅಕ್ಕನ ತಟ್ಟೆಯಲ್ಲಿ.

ಅಕ್ಕ ಹೊಲಿಗೆಯವರು. ಮೆಷಿನ್ ತುಳಿಯುತ್ತಾ, ಬಾಯಲ್ಲಿ ಏನಾದರೊಂದು ಕುರುಕುತ್ತಾ, ಮಧ್ಯೆ ಮಧ್ಯೆ ಬಂದವರನ್ನು ಬೈಯುತ್ತಾ ಇರುವುದು ಅವರ ರೀತಿ. ತಮ್ಮನ ರಸ್ಕಿಗೆ ಮೊದಲ ಗಿರಾಕಿಯೂ ಅವರೇ, ಮೊದಲ ದೂರೂ ಅವರದೇ. ಒಂದು ದಿನ ಬೆಳಗ್ಗೆ ಎದ್ದವರು ಕತ್ತರಿ ಹಿಡಿಯಲಾರದೆ ಕುಸಿದರು. ಬಲಗೈ, ಬಲಕೆನ್ನೆ, ಮಾತು, ನುಂಗುವಿಕೆ ನಾಲ್ಕೂ ಒಟ್ಟಿಗೆ ಸೋತವು. ಕೆಲವು ವಾರಗಳಾದ ಮೇಲೆ ನುಂಗಿಸೋ ಮೇಡಂ ಪರೀಕ್ಷೆ ಮಾಡಿ, ನುಣ್ಣಗಿನ ಗಟ್ಟಿ ಊಟ ಕೊಟ್ಟು ನೋಡಬಹುದು ಎಂದರು. ಬೊಚ್ಚಣ್ಣನಿಗೆ ಕೈಕಾಲು ನಿಲ್ಲಲಿಲ್ಲ. ಕುಂಬಳಕಾಯಿ, ಕೋಳಿ, ಅನ್ನ ಎಲ್ಲವನ್ನೂ ನುಣ್ಣಗೆ ಮಾಡಿ ಬೇರೆ ಬೇರೆ ಬಡಿಸಿದರು. ಮೂಲೆಯಲ್ಲಿ ಕೆಂಪು ಜೆಲ್ಲಿಯ ತುಂಡೊಂದನ್ನೂ ಇಟ್ಟರು. ಅದು ಮೇಡಂ ಹೇಳಿದ್ದರಲ್ಲಿ ಇರಲಿಲ್ಲ.

"ಏನಾದ್ರೂ ಬಣ್ಣದ್ದು ಇರಲಿ, ಖುಷಿಯಾಗ್ತಾಳೆ ಅಂತ. ನಾಲಗೆಯಲ್ಲಿ ಒತ್ತಿದೆ, ಒಡೆದುಹೋಯ್ತು. ಪಾಸ್ ಅಂದೆ. ಆದ್ರೆ ನಾನು ಒತ್ತಿದ ತಕ್ಷಣ ನುಂಗಿಬಿಡ್ತೀನಿ ಸಾರ್. ಅಕ್ಕ ನುಂಗಲ್ಲ. ಅವಳಿಗೆ ಆ ಬಲಕೆನ್ನೆಯಲ್ಲಿ ಊಟ ಇದೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಅಲ್ಲೇ ಇಟ್ಕೊಂಡಿದ್ಲು. ಬಾಯಿ ಬೆಚ್ಚಗಿರುತ್ತಲ್ಲ, ಜೆಲ್ಲಿ ಕರಗಿ ಬರೀ ನೀರಾಯ್ತು. ಆ ನೀರು ಹೋಗಬಾರದ ಕಡೆ ಹೋಯ್ತು."

ಅಕ್ಕ ಕೆಮ್ಮಿ ಕೆಮ್ಮಿ ನೀಲಿಗಟ್ಟಿದರು. ಎದೆಗೆ ಸೋಂಕಾಗಿ, ಜ್ವರ ಬಂದು, ಮತ್ತೆ ಮೂಗಿನ ನಳಿಕೆಗೇ ಮರಳಿದರು. ಬೊಚ್ಚಣ್ಣ ನೇರ ಮೇಡಂ ಹತ್ತಿರ ಹೋಗಿ ಜೆಲ್ಲಿ ಇಟ್ಟವನು ತಾನೇ ಎಂದು ಒಪ್ಪಿಕೊಂಡರು. ಅಲ್ಲಿಯ ಬೈಗುಳ ಕೇಳಿಸಿಕೊಂಡು ಹೊರಗೆ ಬಂದರೆ ಮೆಟ್ಟಿಲ ಮೇಲೆ ಭಾವ, ಅಂದರೆ ಅಕ್ಕನ ಗಂಡ, ಕೂತಿದ್ದರು. ವಿದ್ಯುತ್ ಕಂಬ ಹತ್ತಿ ಇಳಿದು ನಿವೃತ್ತರಾದ, ಮಾತು ಕಡಿಮೆಯ ಮನುಷ್ಯ. "ನೀನು ಊಟ ಮಾಡಿದ್ಯಾ?" ಎಂದಷ್ಟೇ ಕೇಳಿದರಂತೆ. ಇದನ್ನು ಹೇಳುವಾಗ ಬೊಚ್ಚಣ್ಣ ಒಲೆಯ ಕಡೆ ತಿರುಗಿ ನಿಲ್ಲುತ್ತಾರೆ.

ಅಂದಿನಿಂದ ಇವರ ಪರೀಕ್ಷೆಯ ಕ್ರಮ ಬದಲಾಗಿದೆ. ತುತ್ತನ್ನು ನಾಲಗೆಯಲ್ಲಿ ಒತ್ತಿದ ಮೇಲೆ ನುಂಗುವುದಿಲ್ಲ. ಕೆನ್ನೆಯ ಸಂದಿಗೆ ತಳ್ಳಿ, ಗೋಡೆ ಗಡಿಯಾರದ ದೊಡ್ಡ ಮುಳ್ಳು ಒಂದು ಗೆರೆ ಸರಿಯುವ ತನಕ ಸುಮ್ಮನೆ ನಿಲ್ಲುತ್ತಾರೆ. ಆಗ ಯಾರಾದರೂ ಮಾತಾಡಿಸಿದರೆ ಕೈಸನ್ನೆಯೇ ಉತ್ತರ. ಆಮೇಲೆ ಅದನ್ನು ಚಮಚಕ್ಕೆ ಉಗುಳಿ, ಏನಾಗಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ನೀರು ಬಿಟ್ಟಿದ್ದರೆ ಆ ತಿನಿಸು ಕಸದ ಬುಟ್ಟಿಗೆ. ನೋಡಲು ಅಷ್ಟೇನೂ ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯ ಇನ್ನೊಬ್ಬರ ಸೋತ ಬಾಯಿಯನ್ನು ತನ್ನ ಬಾಯಲ್ಲಿ ಇಟ್ಟುಕೊಂಡು ನಿಂತಿರುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಜ್ವರ ಇಳಿದ ಮೇಲೆ ಮೇಡಂ ಮತ್ತೆ ಪರೀಕ್ಷಿಸಿದರು. ಗಂಟಲು ಮೊದಲಿಗಿಂತ ಸುಧಾರಿಸಿತ್ತು, ಮೆತ್ತನೆಯದನ್ನು ಅಗಿಯಬಲ್ಲರು ಎನಿಸಿತು. ಅಕ್ಕನೇ ಒಲ್ಲೆ ಎಂದರು. ತಮ್ಮನ ತಟ್ಟೆಯ ಮೇಲೆ ನಂಬಿಕೆ ಹೋಗಿತ್ತು. ಜೊತೆಗೆ, ಅದು ಊಟವೆಂದೇ ಅವರಿಗೆ ಅನಿಸುತ್ತಿರಲಿಲ್ಲ. ನರ್ಸ್ ಚಮಚ ಹಿಡಿದಾಗ ಎಡಗೈಯಿಂದ ತಳ್ಳಿ, ತೊದಲುತ್ತಾ, "ಕೂಸಿಗೆ ಕೊಡು ಇದನ್ನ," ಎಂದರಂತೆ. ಜಗಿಯುವ ಕೆಲಸವೇ ಇಲ್ಲದೆ ದವಡೆಯೂ ಮಂಕಾಗುತ್ತಿತ್ತು.

"ಅವಳಿಗೆ ಜಗಿಯೋದು ಬೇಕಿತ್ತು," ಎನ್ನುತ್ತಾರೆ ಬೊಚ್ಚಣ್ಣ. "ಜಗಿಯೋದು ಕೊಟ್ರೆ ಅಪಾಯ. ಹಾಗಾದ್ರೆ ಎಂಥದ್ದು ಬೇಕು? ಬಾಯಿಗೆ ಹಾಕಿದ್ರೆ ಜಗಿ ಅಂತ ಅದೇ ಕೇಳಬೇಕು. ಜಗಿಯಕ್ಕೆ ಆಗದೆ ಸೋತ್ರೂ ತೊಂದರೆ ಕೊಡದೆ ಕರಗಬೇಕು, ಆದ್ರೆ ನೀರಾಗಬಾರದು. ಅಂಥದ್ದೊಂದು ಮಾಡ್ಲಾ ಅಂತ ಮೇಡಂ ಹತ್ರ ಕೇಳಿದೆ. ಮಾಡಿ, ಆದ್ರೆ ನನಗೆ ತೋರಿಸದೆ ಅಕ್ಕನ ಹತ್ರ ಒಯ್ಯೋ ಹಾಗಿಲ್ಲ ಅಂದ್ರು. ಅಂಥ ತಿಂಡಿಗಳು ಇವೆ, ಹೇಗಿರಬೇಕು ಅಂತ ಅವರೇ ವಿವರಿಸಿದ್ರು."

ಬೇಕರಿಯ ಕೈ ಮತ್ತೆ ಕೆಲಸಕ್ಕೆ ಇಳಿಯಿತು. ಆಲೂಗಡ್ಡೆಯ ಪಿಷ್ಟ, ಮೊಟ್ಟೆಯ ಬಿಳಿ, ಚಿಟಿಕೆ ಉಪ್ಪು. ನೊರೆ ಬರುವಂತೆ ಕಡೆದು, ತಟ್ಟೆಯ ಮೇಲೆ ತೆಳ್ಳಗೆ ಬಳಿದು, ಸಣ್ಣ ಕಾವಿನಲ್ಲಿ ಒಣಗಿಸಬೇಕು. ಮೊದಲನೆಯದು ಚಕ್ಕಳದ ಹಾಗಾಯಿತು. ಎರಡನೆಯದು ಅಂಗುಳಕ್ಕೆ ಕಚ್ಚಿಕೊಂಡು ಬೆರಳು ಹಾಕಿ ಕೀಳಬೇಕಾಯಿತು. ಒಂದು ಸಲ ಗಾಜಿನ ಹಾಗೆ ಚೂಪಾಗಿ ಒಡೆಯಿತು, ಇನ್ನೊಂದು ಸಲ ಕರಗಿ ಸಕ್ಕರೆ ಪಾಕದಂತೆ ಹರಿಯಿತು. ಕೊನೆಗೊಂದು ಹದ ಸಿಕ್ಕಿತು. ಬೆರಳಲ್ಲಿ ಮುರಿದರೆ ಸದ್ದು ಬರುತ್ತದೆ. ಅದರ ಮೇಲೆ ಚೂರು ನೀರು ಬಿಟ್ಟು, ಸ್ವಲ್ಪ ಕಾದು, ಫೋರ್ಕಿನಿಂದ ಒತ್ತಿದರೆ ಮೆತ್ತನೆಯ ಹಿಟ್ಟಾಗಿ ಕುಸಿಯುತ್ತದೆ, ಮತ್ತೆ ತಲೆ ಎತ್ತುವುದಿಲ್ಲ. ಮೇಡಂ ನಾಲ್ಕಾರು ಬಾರಿ ಒತ್ತಿ ನೋಡಿ, "ಸರಿ ಅಣ್ಣ," ಎಂದರು. ಅದು ನಿನ್ನೆ ಸಂಜೆಯ ಮಾತು.

ಹನ್ನೊಂದು ಗಂಟೆಗೆ ನಾವು ಮೂರನೇ ಮಹಡಿಯಲ್ಲಿದ್ದೇವೆ. ಅಕ್ಕನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದಾರೆ. ಮೂಗಿನಿಂದ ಹೊರಟ ಸಣ್ಣ ನಳಿಕೆಯನ್ನು ಕೆನ್ನೆಗೆ ಅಂಟಿಸಿದ್ದಾರೆ. ಭಾವ ಪಕ್ಕದಲ್ಲಿ ನಿಂತು ಟವೆಲ್ ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಇಷ್ಟು ದಿನ ಬೊಚ್ಚಣ್ಣ ಬಾಗಿಲ ಹೊರಗೇ ಉಳಿಯುತ್ತಿದ್ದರು. ಇವತ್ತು ಮೇಡಂ ತಟ್ಟೆಯನ್ನು ಅವರ ಕೈಗೇ ಕೊಟ್ಟು, "ನೀವೇ ಒಯ್ಯಿರಿ," ಎನ್ನುತ್ತಾರೆ.

ತಮ್ಮನನ್ನು ಕಂಡು ಅಕ್ಕ ಮುಖ ಗೋಡೆಗೆ ತಿರುಗಿಸುತ್ತಾರೆ. ಬೊಚ್ಚಣ್ಣ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಾವು ಒಣಗಿಸಿದ ಆ ತೆಳು ಹಾಳೆಯೊಂದನ್ನು ಎತ್ತಿ, ಅಕ್ಕನ ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಸಣ್ಣ ಸದ್ದು. ಅಕ್ಕನ ತಲೆ ನಿಧಾನವಾಗಿ ಈಚೆ ತಿರುಗುತ್ತದೆ.

"ರ...ಸ್ಕಾ?"

"ರಸ್ಕ್ ಅಲ್ಲ ಅಕ್ಕ. ರಸ್ಕಿನ ದೂರದ ಸಂಬಂಧಿ."

ಅಕ್ಕ ಅದನ್ನೂ ತಮ್ಮನ ಮುಖವನ್ನೂ ನೋಡುತ್ತಾರೆ. ಎಡಗೈ ಬೆರಳು ತಮ್ಮನ ಬಾಯಿಯ ಕಡೆ ಚಾಚುತ್ತದೆ. "ನೀ... ಮೊದಲು."

ಬೊಚ್ಚಣ್ಣ ಒಂದು ಚೂರು ಬಾಯಿಗೆ ಹಾಕಿಕೊಂಡು, ಕೆನ್ನೆಗೆ ಸರಿಸಿ, ಸುಮ್ಮನಿರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ಎದುರು ಬಾಯಿ ಪೂರ್ತಿ ತೆರೆದು ತೋರಿಸುತ್ತಾರೆ. ಗುಲಾಬಿ ವಸಡು, ಅದರ ಪಕ್ಕ ಬಿಳಿ ಹಿಟ್ಟಿನ ಚಿಕ್ಕ ಮುದ್ದೆ. ಅವಸರದಲ್ಲಿ ಹಲ್ಲು ಹಾಕಿಕೊಳ್ಳುವುದನ್ನು ಮರೆತು ಬಂದಿದ್ದಾರೆ. ಅಕ್ಕನ ಮುಖದ ಎಡಭಾಗ ನಗುತ್ತದೆ. "ಥೂ, ಮುಚ್ಚೋ," ಎಂದು ತೊದಲಿ, ತಾವೂ ಬಾಯಿ ತೆರೆಯುತ್ತಾರೆ.

ಬೊಚ್ಚಣ್ಣ ಉಗುರಿನಷ್ಟು ಚೂರನ್ನು ಒಳಗಿಡುತ್ತಾರೆ. ಆ ಮಂಕು ಬಡಿದ ದವಡೆ ಮೇಲೆ ಕೆಳಗೆ ಒಮ್ಮೆ ಆಡಿ, ಆಮೇಲೆ ಪಕ್ಕಕ್ಕೆ, ಹಸು ಮೆಲುಕು ಹಾಕುವ ಹಾಗೆ ಸುತ್ತುತ್ತದೆ. 'ಕರುಂ' ಎಂದದ್ದು ನನಗೂ ಕೇಳಿಸುತ್ತದೆ. ಮೇಡಂ ಅಕ್ಕನ ಗಂಟಲ ಮೇಲೆ ಎರಡು ಬೆರಳಿಟ್ಟಿದ್ದಾರೆ. ಕಾಯುತ್ತೇವೆ. ಭಾವನ ಟವೆಲ್ ಕೈಯಲ್ಲೇ ನಿಂತಿದೆ. ಬೆರಳಡಿಯಲ್ಲಿ ಗಂಟಲು ಮೇಲೇರಿ ಇಳಿಯುತ್ತದೆ. "ಆ ಅನ್ನಿ," ಎನ್ನುತ್ತಾರೆ ಮೇಡಂ. ಅಕ್ಕ "ಆ" ಎನ್ನುತ್ತಾರೆ. ದನಿಯಲ್ಲಿ ಗೊರಗೊರ ಇಲ್ಲ, ಕೆಮ್ಮಿಲ್ಲ. ಮೇಡಂ ಬಾಯೊಳಗೆ ಟಾರ್ಚ್ ಬಿಟ್ಟು ಎರಡೂ ಕೆನ್ನೆ ನೋಡಿ, "ಖಾಲಿ," ಎನ್ನುತ್ತಾರೆ.

ಅದಾದ ಮೇಲೆ ಹಬೆಯಲ್ಲಿ ಬೆಂದ ಮೊಟ್ಟೆ, ಕ್ಯಾರೆಟ್, ನಡುನಡುವೆ ಇನ್ನೆರಡು ಹಾಳೆ. ಒಂದೊಂದು ತುತ್ತಿಗೂ ಒಂದೊಂದು ಯುಗ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿನಲ್ಲಿ ನಾನು ಮೂರು ಸಲ ಊಟ ಮುಗಿಸಿ ಕೈ ತೊಳೆದಿರುತ್ತಿದ್ದೆ. ತಟ್ಟೆಯ ಅರ್ಧ ಭಾಗ ಖಾಲಿಯಾಗುವಷ್ಟರಲ್ಲಿ ಅಕ್ಕ ದಣಿದು ಕಣ್ಣು ಮುಚ್ಚುತ್ತಾರೆ. ವೈದ್ಯರು ಬಂದು, ಮೇಡಂ ಜೊತೆ ಮಾತಾಡಿ, ನಾಳೆಯ ಹೊಟ್ಟೆ ನಳಿಕೆ ಸದ್ಯಕ್ಕೆ ಬೇಡ ಎನ್ನುತ್ತಾರೆ. ಮೂಗಿನದು ಇನ್ನೂ ಕೆಲವು ದಿನ ಇರಲಿ, ಹೀಗೇ ತಿನ್ನುತ್ತಾ ಹೋದರೆ ಅದನ್ನೂ ತೆಗೆಯೋಣ, ಮತ್ತೆ ಸೋಂಕಾದರೆ ಮಾತ್ರ ಬೇರೆ ಯೋಚನೆ. ಪೂರ್ತಿ ಗೆದ್ದಂತಲ್ಲ. ಆದರೂ ಭಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಬೆವರಿನದೋ ಏನೋ ನಾನು ವಿಚಾರಿಸಲಿಲ್ಲ.

ಅಡುಗೆಮನೆಗೆ ಮರಳಿದಾಗ ಮಧ್ಯಾಹ್ನದ ತಟ್ಟೆಗಳು ಸಾಲಾಗಿ ಕಾಯುತ್ತಿವೆ. ಬೊಚ್ಚಣ್ಣ ಕೈ ತೊಳೆದು, ಮೀನಿನ ಮುದ್ದೆಯಿಂದ ಒಂದು ಚಮಚ ಬಾಯಿಗಿಟ್ಟುಕೊಂಡು ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ನಾನು ಕಾಯುತ್ತೇನೆ. ಚಮಚ ತೊಟ್ಟಿಗೆ ಬಿದ್ದ ಮೇಲೆ, ಅಕ್ಕ ನುಂಗಿದರಲ್ಲ, ನಿಮಗೆ ಎಷ್ಟು ಸಮಾಧಾನವಾಗಿರಬೇಕು ಎನ್ನುತ್ತೇನೆ.

"ನುಂಗಿದ್ದು ಮೇಡಂ ಕಲಿಸಿದ್ದು ಸಾರ್, ಅದು ಅವರ ಪಾಲಿಗೆ," ಎನ್ನುತ್ತಾರೆ ಬೊಚ್ಚಣ್ಣ, ಮುಂದಿನ ತಟ್ಟೆ ಎಳೆದುಕೊಳ್ಳುತ್ತಾ. "ಜಗಿದಳಲ್ಲ, ಅದು ನನ್ನ ಅಡುಗೆ."